ನೀಲವ್ವ ಒಲ್ಲೆಂದ ಹಾಲು

ತೊಟ್ಟಿಲಿನ ತಲೆಗಡೆ ಸಣ್ಣದೊಂದು ಹಸಿರು ದೀಪ ಹೊತ್ತಿಕೊಂಡಿತು. ಮಗು ಇನ್ನೂ ಕಣ್ಣು ಬಿಟ್ಟಿರಲಿಲ್ಲ, ನಿದ್ದೆಯಲ್ಲೇ ತುಟಿ ಚಪ್ಪರಿಸುತ್ತಿತ್ತು. ಯಂತ್ರಕ್ಕೆ ಅಷ್ಟು ಸದ್ದು ಸಾಕಿತ್ತು. ಒಳಗಿನ ಪುಟ್ಟ ಪಾತ್ರೆಯಲ್ಲಿ ನೀರು ಕುದಿಯಿತು. ತುಸು ಆರಿದ ಮೇಲೆ, ಆದರೆ ಬಿಸಿ ಎಪ್ಪತ್ತು ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ, ಅಳತೆಯ ಹಾಲಿನ ಪುಡಿ ಅದಕ್ಕೆ ಬಿದ್ದು ಬೆರೆಯಿತು. ಆಮೇಲೆ ಶೀಘ್ರತಂಪಕವೆಂಬ ಸುರುಳಿಕೊಳವೆಯ ಮೂಲಕ ಹರಿದು, ಮನುಷ್ಯನ ಮೈಬಿಸಿಗೆ ಇಳಿದು ಸೀಸೆ ಸೇರಿತು. ತೊಟ್ಟಿಲು ತಲೆಗಡೆ ಮೆಲ್ಲನೆ ಮೇಲೆದ್ದಿತು. ಸೀಸೆ ಹಿಡಿದ, ಹಾಲ್ಗೈ ಎಂಬ ಮೆತ್ತನೆಯ ತೋಳು ಬಾಗಿ ಮಗುವಿನ ತುಟಿಗೆ ತೊಟ್ಟನ್ನು ಮುಟ್ಟಿಸಿತು.

ಮಗು ಕಣ್ಣು ಬಿಟ್ಟಿತು. ತೊಟ್ಟನ್ನು ನಾಲಗೆಯಿಂದ ಆಚೆ ನೂಕಿ, ಮುಖ ತಿರುಗಿಸಿ, ಕಿಟಾರನೆ ಕಿರುಚಿತು.

ಪಕ್ಕದ ಕೋಣೆಯಲ್ಲಿ ಇಂದುಮತಿ ಹೊಸಮನಿ ಹಾಸಿಗೆಯ ಮೇಲೆ ಎದ್ದು ಕುಳಿತಳು. ಆ ವಾರ ಇದು ದಿನಾಲೂ ನಡೆಯುತ್ತಿದ್ದ ಕಥೆ. ಯಂತ್ರ ಹಾಲನ್ನು ಅರ್ಧ ಡಿಗ್ರಿ ಬಿಸಿ ಮಾಡಿ ಮತ್ತೆ ಕೊಡುತ್ತಿತ್ತು, ಅರ್ಧ ಡಿಗ್ರಿ ತಣಿಸಿ ಮತ್ತೆ ಕೊಡುತ್ತಿತ್ತು. ಕೊನೆಗೆ ಹಳೆಯದನ್ನು ಚೆಲ್ಲಿ ಹೊಸದಾಗಿ ಕಲಸುತ್ತಿತ್ತು. ಮಗು ಮಾತ್ರ ಜಪ್ಪಯ್ಯ ಎಂದರೂ ಬಾಯಿ ಬಿಡುತ್ತಿರಲಿಲ್ಲ. ಅತ್ತು ಅತ್ತು ಅದರ ಮುಖ ಕೆಂಪಾದಾಗ ಇಂದುಮತಿ ಅದನ್ನೆತ್ತಿಕೊಂಡು ಅಡುಗೆಮನೆಗೆ ಓಡುತ್ತಿದ್ದಳು. ತಾನೇ ನೀರು ಕಾಯಿಸಿ, ಪುಡಿ ಕಲಸಿ, ಸೀಸೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಮುಂಗೈ ಮೇಲೆ ಎರಡು ಹನಿ ಬಿಟ್ಟು ನೋಡಿ, ಒಲೆಯ ಪಕ್ಕದ ಮಣೆಯ ಮೇಲೆ ಕುಳಿತು ಕುಡಿಸುತ್ತಿದ್ದಳು. ಆಗ ಮಗು ಗಟಗಟನೆ ಕುಡಿದು ಮಲಗುತ್ತಿತ್ತು.

ಯಂತ್ರದ ಹಾಲಿನಲ್ಲಿ ಏನೋ ಕೆಟ್ಟದ್ದು ಸೇರಿದೆ ಎಂದು ಇಂದುಮತಿಗೆ ಅನ್ನಿಸಿದ್ದು ಹೀಗೆ. ಅದಕ್ಕೆ ಮೊದಲು ಆ ಹಾಲನ್ನು ಮಗು ಎಷ್ಟೋ ವಾರ ಕುಡಿದಿತ್ತು.

ಇಂದುಮತಿ ಹುಬ್ಬಳ್ಳಿಯವಳು, ರೈಲು ನಿಯಂತ್ರಣ ಕೊಠಡಿಯಲ್ಲಿ ಹಿರಿಯ ನಿಯಂತ್ರಕಿ. ಅವಳ ಕಾಲಕ್ಕೆ ಸರಕು ಗಾಡಿಗಳಿಗೆ ಚಾಲಕರು ಇರಲಿಲ್ಲ, ತಮ್ಮಷ್ಟಕ್ಕೆ ತಾವೇ ಓಡುತ್ತಿದ್ದವು. ಆದರೆ ಎಲ್ಲವನ್ನೂ ಕಣ್ಣಿಟ್ಟು ನೋಡಲು ಒಬ್ಬ ಮನುಷ್ಯ ಬೇಕೇ ಬೇಕು ಎಂಬ ನಿಯಮವಿತ್ತು. ಆ ಮನುಷ್ಯ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಬೇಕೆಂಬುದು ಇನ್ನೊಂದು ನಿಯಮ. ಮಣಿಕಟ್ಟಿನ ನಿದ್ರಾಮಾಪಕ ಒಪ್ಪದಿದ್ದರೆ ಕೊಠಡಿಯ ಬಾಗಿಲೇ ತೆರೆಯುತ್ತಿರಲಿಲ್ಲ. ರಾತ್ರಿ ತಾನಾಗಿ ಹಾಲುಣಿಸುವ ತೊಟ್ಟಿಲನ್ನು ಅವಳು ತಂದದ್ದು ಅದಕ್ಕೇ.

ಮದುವೆಯ ಗೊಡವೆಗೆ ಹೋಗದ ಇಂದುಮತಿ ನಲವತ್ತು ದಾಟಿದ ಮೇಲೆ ದತ್ತು ಮಗುವಿಗೆ ಅರ್ಜಿ ಹಾಕಿದ್ದಳು. ಶಿಶುಗೃಹದ ರೆಹಾನಾ ಬೇಗಂ ಎಂಬ ಕಾರ್ಯಕರ್ತೆ ಐದು ತಿಂಗಳ ಹೆಣ್ಣುಕೂಸನ್ನು ತಂದು ಅವಳ ಮಡಿಲಿಗಿಟ್ಟಿದ್ದಳು. ಇಂದುಮತಿ ತನ್ನ ಅಜ್ಜಿಯ ಹೆಸರಿಟ್ಟು ಅದನ್ನು ನೀಲವ್ವ ಎಂದು ಕರೆದಳು. ಆದರೆ ಕಾಗದದ ಮೇಲೆ ನೀಲವ್ವ ಇನ್ನೂ ಅವಳ ಮಗಳಾಗಿರಲಿಲ್ಲ. ಸಾಕಣೆಯ ಅವಧಿ ಮುಗಿದು, ಮಗು ಚೆನ್ನಾಗಿದೆಯೆಂದು ರೆಹಾನಾ ಬರೆದುಕೊಟ್ಟ ಮೇಲೆಯೇ ಆದೇಶ. ರೆಹಾನಾ ಬರುವುದು ಮುಂದಿನ ಗುರುವಾರ. ಮಗುವಿನ ತೂಕ ಕಳೆದ ಸಲಕ್ಕಿಂತ ಏನೂ ಏರಿರಲಿಲ್ಲ.

ಇನ್ನೊಂದು ನೋವೂ ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬಂದ ಹೊಸತರಲ್ಲಿ ನೀಲವ್ವ ಯಾರ ಕೈಗಾದರೂ ಹೋಗುತ್ತಿದ್ದಳು, ಯಾರು ಕೊಟ್ಟರೂ ಕುಡಿಯುತ್ತಿದ್ದಳು. ಇಂದುಮತಿ ಕೋಣೆಯಿಂದ ಹೊರಗೆ ಹೋದರೆ ಅಳುತ್ತಿರಲಿಲ್ಲ, ಮರಳಿ ಬಂದರೆ ನಗುತ್ತಿರಲಿಲ್ಲ. ಪಾಳಿ ಮೇಲೆ ಬಂದ ಮತ್ತೊಬ್ಬ ದಾದಿ ತಾನು ಎಂದು ಇಂದುಮತಿಗೆ ಎಷ್ಟೋ ಸಲ ಅನ್ನಿಸಿತ್ತು.

ಹಾಲು ಕೆಟ್ಟಿದೆಯೆಂಬ ಅವಳ ದೂರು ತೊಟ್ಟಿಲು ತಯಾರಾಗುವ ಮಣಿಪಾಲಕ್ಕೆ ಮುಟ್ಟಿದ ಮಾರನೆಯ ದಿನ ಮಧ್ಯಾಹ್ನ ಹಾಲ್ತೊಟ್ಟಿಲನ್ನು ಕಂಡುಹಿಡಿದ ಡಾಕ್ಟರ್ ವಾದಿರಾಜ ಹೆಬ್ಬಾರರೇ ಬಾಗಿಲಿಗೆ ಬಂದು ನಿಂತರು. ದಪ್ಪ ಮೀಸೆಯ, ಅರವತ್ತರ ಹತ್ತಿರದ ಆಸಾಮಿ. ಹೆಗಲಲ್ಲಿ ಉಪಕರಣಗಳ ಚೀಲ. ಅವರ ಮುಖವೂ ಬಾಡಿತ್ತು.

"ಬರ್ರಿ, ಕುಂದರ್ರಿ. ನೀರು ಕುಡೀತೀರೇನು?" ಎಂದಳು ಇಂದುಮತಿ.

"ನೀರು ಆಮೇಲೆ ಅಮ್ಮಾ. ಮೊದಲು ತೊಟ್ಟಿಲು ತೋರಿಸಿ."

ಅವರು ಪುಡಿಯನ್ನೂ ನೀರನ್ನೂ ಕಲಸಿದ ಹಾಲನ್ನೂ ಪರೀಕ್ಷಿಸಿದರು. ಕ್ರಿಮಿಶೋಧಕದ ಗಾಜಿನ ಮೇಲೆ ಬಣ್ಣ ಬದಲಾಗಲಿಲ್ಲ, ಅಂದರೆ ಕ್ರಿಮಿ ಇರಲಿಲ್ಲ. ಬಿಸಿ ಅಳೆಯುವ ಉಷ್ಣಗ್ರಾಹಿಯೂ ಸರಿಯಿತ್ತು.

"ಡಬ್ಬದ ಪುಡಿ ನೋಡಲಿಕ್ಕೆ ಎಷ್ಟು ಶುಭ್ರ ಇದ್ದರೂ ಪೂರ್ತಿ ಕ್ರಿಮಿರಹಿತ ಅಲ್ಲ," ಎಂದು ಅವರು ತಮಗೇ ಹೇಳಿಕೊಳ್ಳುವಂತೆ ವಿವರಿಸತೊಡಗಿದರು. "ಬಿಸಿ ನೀರಿಗೆ ಹಾಕಿದರೆ ಅದರೊಳಗಿನ ಕ್ರಿಮಿ ಸಾಯುತ್ತದೆ. ಉಗುರುಬೆಚ್ಚಗಿನ ನೀರಿಗೆ ಹಾಕಿದರೆ ಸಾಯುವುದಿಲ್ಲ, ಬೆಳೆಯುತ್ತದೆ. ನಿದ್ದೆಗಣ್ಣಲ್ಲಿ ಜನ ತಪ್ಪುವುದು ಅಲ್ಲೇ. ಆರುವ ತನಕ ಕಾಯಲಿಕ್ಕೆ ತಾಳ್ಮೆ ಇರುವುದಿಲ್ಲ, ಮಗು ಅಳುತ್ತಾ ಇರುತ್ತದೆ. ಇಲ್ಲವೇ ಉಳಿದ ಹಾಲನ್ನೇ ಮತ್ತೆ ಬಿಸಿ ಮಾಡುತ್ತಾರೆ. ಅದಕ್ಕೇ ನಾನು ಈ ಯಂತ್ರ ಮಾಡಿದ್ದು."

"ಎಲ್ಲಾ ಸರಿ ಐತಿ ಅಂತೀರಿ. ಹಂಗಾರ ಕೂಸು ಯಾಕ ಒಲ್ಲೆ ಅಂತೈತ್ರಿ? ನಾ ಅಡಗಿಮನ್ಯಾಗ ಮಾಡಿದ ಹಾಲು ಕುಡೀತಾಳ. ಇದರ ಹಾಲು ಒಲ್ಲೆ ಅಂತಾಳ. ಕೂಸಿಗೆ ಸುಳ್ಳು ಹೇಳಾಕ ಬರೂದಿಲ್ಲಲ್ರಿ."

ಹೆಬ್ಬಾರರು ಶೋಧಕದ ಗಾಜನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು. "ನನ್ನ ಶೋಧಕಕ್ಕೆ ಸಿಗದ್ದು ಮಗುವಿನ ನಾಲಗೆಗೆ ಸಿಕ್ಕಿರಬಹುದು," ಎಂದರು ಕೊನೆಗೆ. "ಬೇರೆ ಊರುಗಳ ಮನೆಗಳಲ್ಲೂ ಈ ತೊಟ್ಟಿಲುಗಳಿವೆ. ಅಲ್ಲಿಂದಲೂ ಒಂದೆರಡು ಇಂಥದೇ ದೂರು ಬಂದಿದೆ. ನಿನ್ನೆಯಿಂದ ನನಗೆ ಅನ್ನ ಇಳಿಯುತ್ತಾ ಇಲ್ಲ."

ಅವರಿಗೂ ತನ್ನಷ್ಟೇ ಭಯವಾಗಿದೆ ಎಂದು ಇಂದುಮತಿಗೆ ಆಗ ಗೊತ್ತಾಯಿತು.

"ಪರೀಕ್ಷೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು," ಎಂದರು ಹೆಬ್ಬಾರರು. "ನೀವು ರಾತ್ರಿ ಹೊತ್ತು ಎಲ್ಲವನ್ನೂ ಒಟ್ಟಿಗೇ ಬದಲಾಯಿಸುತ್ತಾ ಇದ್ದೀರಿ. ಹಾಲು ಬೇರೆ, ಸೀಸೆ ಬೇರೆ, ಜಾಗ ಬೇರೆ. ಅವಳಿಗೆ ಹಸಿವಾಗಲಿ, ನೋಡುವ."

ನೀಲವ್ವನಿಗೆ ಹಸಿವಾಯಿತು. ಇಂದುಮತಿ ಅಡುಗೆಮನೆಯಲ್ಲಿ ತನ್ನ ಕೈಯಾರೆ ಹಾಲು ಕಲಸಿ ತಂದಳು. ಹೆಬ್ಬಾರರು ಅದನ್ನು ಯಂತ್ರದ ಸೀಸೆಗೆ ಸುರಿದರು. ತೊಟ್ಟಿಲು ತಲೆಯೆತ್ತಿತು, ಹಾಲ್ಗೈ ಬಾಗಿತು. ನೀಲವ್ವ ತೊಟ್ಟನ್ನು ಉಗುಳಿ ಅಳತೊಡಗಿದಳು.

"ಇದು ನಿಮ್ಮದೇ ಹಾಲು," ಎಂದರು ಹೆಬ್ಬಾರರು ಮೆಲ್ಲಗೆ. "ಈಗ ಯಂತ್ರದ ಹಾಲನ್ನು ನಿಮ್ಮ ಸೀಸೆಗೆ ಹಾಕಿ, ಎತ್ತಿಕೊಂಡು ಕುಡಿಸಿ."

ಇಂದುಮತಿಯ ಕೈ ಹಿಂಜರಿಯಿತು. ವಾರವಿಡೀ ವಿಷವೆಂದು ಮೋರಿಗೆ ಚೆಲ್ಲಿದ ಹಾಲು ಅದು. ಅವಳು ತಾನೇ ಮೊದಲು ಒಂದು ಗುಟುಕು ಕುಡಿದು ನೋಡಿದಳು. ಆಮೇಲೆ ಮಗುವನ್ನು ಮಡಿಲಿಗೆ ಹಾಕಿಕೊಂಡು ಸೀಸೆ ಹಿಡಿದಳು. ನೀಲವ್ವ ಬಿಕ್ಕುತ್ತಲೇ ತೊಟ್ಟನ್ನು ಬಾಯಿಗೆ ತೆಗೆದುಕೊಂಡು, ಕಣ್ಣರೆಪ್ಪೆ ಒದ್ದೆಯಿರುವಾಗಲೇ ಪೂರ್ತಿ ಕುಡಿದು ತೇಗಿದಳು.

ಹೆಬ್ಬಾರರು ಗೋಡೆಗೊರಗಿ ನೆಲದ ಮೇಲೆ ಕುಳಿತುಬಿಟ್ಟರು. "ಹಾಲು ಸರಿ ಇದೆ," ಎಂದರು. "ಅಮ್ಮಾ, ಈಗ ಆ ನೀರು ಕೊಡಿ."

ಇಂದುಮತಿ ತಂಬಿಗೆಯ ತುಂಬ ನೀರು ಕೊಟ್ಟಳು. ಮಗಳಿಗೆ ತಾನು ಕೆಟ್ಟದ್ದೇನನ್ನೂ ಉಣಿಸಿಲ್ಲ ಎಂಬ ಸಮಾಧಾನಕ್ಕೆ ಅವಳ ಕಣ್ಣೂ ತುಂಬಿ ಬಂತು. ಆದರೆ ಒಗಟು ಹಾಗೇ ಉಳಿದಿತ್ತು.

"ತಪ್ಪು ಹಾಲ್ಗೈಯದೇ," ಎಂದರು ಹೆಬ್ಬಾರರು ಚೇತರಿಸಿಕೊಂಡು. "ತೊಟ್ಟಿನ ರಬ್ಬರಿಗೆ ವಾಸನೆ ಹತ್ತಿರಬೇಕು."

ಸಂಜೆ ಮಗುವಿಗೆ ಮತ್ತೆ ಹಸಿವಾದಾಗ ಅವರು ಹಾಲ್ಗೈಯ ತೊಟ್ಟನ್ನೇ ಬಿಚ್ಚಿ ಇಂದುಮತಿಯ ಸೀಸೆಗೆ ಸಿಕ್ಕಿಸಿ ಕೊಟ್ಟರು. ಅವಳ ಮಡಿಲಿನಲ್ಲಿ ನೀಲವ್ವ ಅದನ್ನೂ ಚಪ್ಪರಿಸಿ ಕುಡಿಯತೊಡಗಿದಳು. ಅರ್ಧ ಕುಡಿಯುವಷ್ಟರಲ್ಲಿ ಹೆಬ್ಬಾರರು, "ಈಗ ತೊಟ್ಟಿಲಲ್ಲಿ ಮಲಗಿಸಿ ನೀವೇ ಕೈಯಲ್ಲಿ ಹಿಡಿದು ಕೊಡಿ," ಎಂದರು. ನೀಲವ್ವ ತುಸು ಮುಖ ಸಿಂಡರಿಸಿದಳು. ಇಂದುಮತಿ ಬಗ್ಗಿ ಕೆನ್ನೆ ಸವರಿದ ಮೇಲೆ ಅವಳನ್ನೇ ದಿಟ್ಟಿಸುತ್ತ ನಾಲ್ಕು ಗುಟುಕು ಕುಡಿದಳು.

"ತೊಟ್ಟಿಲೂ ಅಲ್ಲ," ಎಂದು ಹೆಬ್ಬಾರರು ಮೀಸೆ ಕಡಿದರು. "ಮತ್ತೇನು? ಇಲ್ಲಿ ಕೊಡಿ, ನಾನು ಎತ್ತಿಕೊಳ್ಳುತ್ತೇನೆ. ನಾಲ್ಕು ಮೊಮ್ಮಕ್ಕಳನ್ನು ಆಡಿಸಿದವ ನಾನು."

ಅವರು ಎತ್ತಿಕೊಂಡರು. ಅದೇ ಹಾಲು, ಅದೇ ಸೀಸೆ, ಬಿಸಿಯೂ ಅಷ್ಟೇ. ನೀಲವ್ವ ಒಂದು ಕ್ಷಣ ಅವರ ಮೀಸೆಯನ್ನು ನೋಡಿದಳು. ಕೆಳದುಟಿ ಮುಂದಕ್ಕೆ ಬಂತು. ಆಮೇಲೆ ಎದ್ದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಹೆಬ್ಬಾರರು ಇಂದುಮತಿಯ ಶಾಲನ್ನು ಹೊದ್ದು ಪ್ರಯತ್ನಿಸಿದರು. ನೀಲವ್ವ ಶಾಲನ್ನು ಮೂಸಿ ಒಂದು ಗಳಿಗೆ ಸುಮ್ಮನಾದಳು, ತಲೆಯೆತ್ತಿ ಮೀಸೆ ನೋಡಿ ಮೋಸವಾಯಿತೆಂದು ಇನ್ನೂ ಜೋರಾಗಿ ಅತ್ತಳು. ಇಂದುಮತಿ ಕೈ ಚಾಚಿದ ಕೂಡಲೇ ಅವಳ ಮೈಮೇಲೆ ಬಿದ್ದು, ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಉಳಿದ ಹಾಲನ್ನು ಕುಡಿದು ಮುಗಿಸಿದಳು.

ಹೆಬ್ಬಾರರು ಶಾಲನ್ನು ಮಡಿಸುತ್ತ ನಿಂತರು. ಮಡಿಸಿ ಮುಗಿದ ಮೇಲೂ ಮತ್ತೊಮ್ಮೆ ಬಿಚ್ಚಿ ಮಡಿಸಿದರು.

"ಈ ಯಂತ್ರವನ್ನು ನಾವು ಪರೀಕ್ಷೆ ಮಾಡಿದ್ದು ಮೂರು ತಿಂಗಳೊಳಗಿನ ಕೂಸುಗಳ ಮೇಲೆ," ಎಂದರು. "ಆ ಪ್ರಾಯದಲ್ಲಿ ಹೊಟ್ಟೆ ತುಂಬಿಸಿದರೆ ಸಾಕು. ನಿಮ್ಮ ನೀಲವ್ವನಿಗೆ ಈಗ ಏಳು ತಿಂಗಳು. ದೂರು ಬಂದ ಬೇರೆ ಮಕ್ಕಳೂ ಸುಮಾರು ಇದೇ ಪ್ರಾಯದವು. ನನಗೆ ಅದು ಹೊಳೆಯಲೇ ಇಲ್ಲ ನೋಡಿ."

"ಅಂದ್ರ?"

"ಅಂದರೆ ಅವಳು ಹಾಲು ಬೇಡ ಅನ್ನುತ್ತಾ ಇಲ್ಲ. ನೀವಲ್ಲದೆ ಬೇರೆ ಯಾರು ಕೊಟ್ಟರೂ ಬೇಡ ಅನ್ನುತ್ತಾ ಇದ್ದಾಳೆ. ಅವಳಿಗೆ ನಿಮ್ಮ ಗುರುತು ಹತ್ತಿದೆ ಅಮ್ಮಾ."

ಇಂದುಮತಿ ಮಗುವಿನ ನೆತ್ತಿಯನ್ನು ನೋಡುತ್ತ ಕುಳಿತಳು. "ಎರಡು ತಿಂಗಳಾತ್ರಿ ಬಂದು," ಎಂದಳು. "ನಾ ಯಾರಂತ ಇದಕ್ಕ ಗೊತ್ತಿಲ್ಲ ಅನ್ಕೊಂಡಿದ್ದೆ. ಯಾರರ ಎತ್ಕೊಂಡು ಹೋದ್ರೂ ನಕ್ಕೋಂತ ಹೋಗ್ತೈತಿ ಅಂತ ಒಳಗೊಳಗ ಅಳ್ತಿದ್ದೆ."

"ಆಗ ಹೋಗುತ್ತಿದ್ದಳು. ಈಗ ಹೋಗಲಿಕ್ಕಿಲ್ಲ."

ಹೆಬ್ಬಾರರು ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಹಾಲ್ಗೈಯನ್ನು ತೊಟ್ಟಿಲಿನಿಂದ ಬಿಚ್ಚತೊಡಗಿದರು. ಹನ್ನೊಂದು ವರ್ಷದ ದುಡಿಮೆಯಲ್ಲಿ ಅವರಿಗೆ ಅತ್ಯಂತ ಹೆಮ್ಮೆಯ ಭಾಗ ಅದು. ಮೊದಲ ಸ್ಕ್ರೂ ಬಿಗಿಯಾಗಿತ್ತು, ಅದಕ್ಕೇ ತಡವಾಯಿತು ಎಂದು ಅವರು ಹೇಳಿದರು. "ನೀರು, ಪುಡಿ, ಬಿಸಿ, ತಂಪು ಇಷ್ಟನ್ನು ಇದು ನೋಡಿಕೊಳ್ಳಲಿ. ಹಾಲು ಸಿದ್ಧವಾಯಿತು ಅಂತ ನಿಮ್ಮ ದಿಂಬಿನ ಹತ್ತಿರ ಮೆಲ್ಲಗೆ ಹೇಳಲಿ. ಕೊಡುವ ಕೆಲಸ ನಿಮ್ಮದು. ನಿಮ್ಮ ನಿದ್ದೆ ಕೆಡುತ್ತದೆ, ಅದೊಂದು ನನಗೆ ಬೇಸರ."

ಆದರೆ ನಿದ್ದೆ ಕೆಡಲಿಲ್ಲ. ಆ ರಾತ್ರಿ ದಿಂಬಿನ ಬಳಿ ಸಣ್ಣ ಸದ್ದಾದಾಗ ಇಂದುಮತಿ ಎದ್ದಳು. ಹದವಾದ ಹಾಲು ಕಾಯುತ್ತಿತ್ತು. ಒಲೆ ಹೊತ್ತಿಸುವ, ಆರಿಸುವ, ಮುಂಗೈ ಸುಟ್ಟುಕೊಳ್ಳುವ ರಗಳೆ ಇರಲಿಲ್ಲ. ನೀಲವ್ವ ಅಳುವ ಮೊದಲೇ ಅವಳ ತೋಳಿಗೆ ಬಂದು, ಕುಡಿದು, ಕುಡಿಯುತ್ತಲೇ ನಿದ್ದೆಹೋದಳು. ಬೆಳಿಗ್ಗೆ ನಿದ್ರಾಮಾಪಕವನ್ನು ನೋಡಿದರೆ, ಎಲ್ಲವನ್ನೂ ಯಂತ್ರವೇ ಮಾಡುತ್ತಿದ್ದ ದಿನಗಳಿಗಿಂತ ಅವಳು ಹೆಚ್ಚು ನಿದ್ದೆ ಮಾಡಿದ್ದಳು. ಕೆಲಸ ಮುಗಿಯುವಷ್ಟರಲ್ಲಿ ರಾತ್ರಿಯಾಗಿ ಅಲ್ಲೇ ಸೋಫಾದ ಮೇಲೆ ಮಲಗಿದ್ದ ಹೆಬ್ಬಾರರು ಅದನ್ನು ಓದಿ, ಇದಕ್ಕೆ ವಿಜ್ಞಾನದಲ್ಲಿ ಕಾರಣ ಹುಡುಕಬೇಕು ಎಂದು ಗೊಣಗುತ್ತ ಮಣಿಪಾಲದ ಗಾಡಿ ಹಿಡಿಯಲು ಹೊರಟರು. ತಿಂಗಳೊಳಗೆ ಹಾಲ್ಗೈ ಬಿಚ್ಚಿಡುವುದು ಹೇಗೆಂಬ ಸೂಚನೆ ಅವರಿಂದ ಎಲ್ಲ ಮನೆಗಳಿಗೂ ಹೋಯಿತು.

ಗುರುವಾರ ರೆಹಾನಾ ಬೇಗಂ ತಕ್ಕಡಿ ಹಿಡಿದುಕೊಂಡು ಬಂದಳು. ಹುಟ್ಟಿದ ವಾರದಿಂದ ನೀಲವ್ವನನ್ನು ಮೀಯಿಸಿ, ಉಣಿಸಿ, ಎದೆಯ ಮೇಲೆ ಮಲಗಿಸಿಕೊಂಡವಳು ಅವಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಬಾ ನನ್ನ ಗುಬ್ಬಿ," ಎಂದು ಎರಡೂ ಕೈ ಚಾಚಿದಳು.

ನೀಲವ್ವ ಅವಳನ್ನು ನೋಡಿದಳು. ಮೆಲ್ಲನೆ ತಿರುಗಿ, ಇಂದುಮತಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡಳು.

ಚಾಚಿದ ಕೈಗಳು ಒಂದು ಗಳಿಗೆ ಹಾಗೇ ನಿಂತವು. ಇಂದುಮತಿಗೆ ನಾಚಿಕೆಯಾದಂತಾಯಿತು. "ಇತ್ತಿತ್ಲಾಗ ಹಿಂಗ ಮಾಡ್ತಾಳ್ರಿ. ಸಿಟ್ಟಾಗಬ್ಯಾಡ್ರಿ," ಎಂದಳು.

"ಸಿಟ್ಟು ಯಾಕ್ರಿ ಅಕ್ಕಾ?" ಎಂದಳು ರೆಹಾನಾ. ಚಾಚಿದ ಕೈಗಳನ್ನು ಇಳಿಸಿ ದುಪಟ್ಟಾದ ಅಂಚಿನಿಂದ ಮೂಗು ಒರೆಸಿಕೊಂಡಳು. ಅವಳು ನಗುತ್ತಿದ್ದಳು. "ತೂಕ ಆಮ್ಯಾಲೆ ನೋಡೂಣು. ನಾ ನೋಡಾಕ ಬಂದದ್ದು ಇದನ್ನ. ಹತ್ತು ಮನಿಗೆ ಹೋದ್ರ ಒಂದ್ ಮನ್ಯಾಗೂ ಇಷ್ಟು ಲಗೂನ ಕಾಣೂದಿಲ್ಲ. ನಾಳೆನ ಬರದು ಕಳಸ್ತೀನಿ."

"ಚಾ ಮಾಡ್ತೀನಿ, ಕುಂದರ್ರಿ," ಎಂದು ಇಂದುಮತಿ ಮಗುವನ್ನು ರೆಹಾನಾಳ ಪಕ್ಕ ಚಾಪೆಯ ಮೇಲೆ ಕೂರಿಸಲು ನೋಡಿದಳು. ನೀಲವ್ವ ಸೆರಗು ಬಿಡಲಿಲ್ಲ. ಕೊನೆಗೆ ಇಂದುಮತಿ ಅವಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅಡುಗೆಮನೆಗೆ ಹೋಗಿ, ಒಂದೇ ಕೈಯಲ್ಲಿ ಚಹಾಕ್ಕಿಟ್ಟಳು. ಸಕ್ಕರೆಯ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅವಳು ಅದನ್ನು ನೋಡುತ್ತ, ಒರೆಸುವ ಗಡಿಬಿಡಿಯಿಲ್ಲದೆ ನಿಂತುಕೊಂಡಳು.