ಹೋಗಬ್ಯಾಡ ಅಂದವನು

"ಸಿಸ್ಟರ್, ಕಾಲು ಮ್ಯಾಲ ಎತ್ತಿ ಹಿಡೀರಿ! ಜಲ್ದಿ!"

ಶೀಲಾಳ ಕೈಕಾಲು ಆಡಲಿಲ್ಲ. ಕಲಬುರಗಿಯ ಆ ಖಾಸಗಿ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಅವಳಿಗೆ ಅದು ಮೊದಲ ದಿನ. ಈಗ ತಾನೇ ಮೊಮ್ಮಗಳ ಪ್ರತಾಪ ವರ್ಣಿಸುತ್ತಿದ್ದ ದೌಲಪ್ಪಜ್ಜ ಮಾತನ್ನು ಅರ್ಧಕ್ಕೇ ಬಿಟ್ಟು ಕಣ್ಣು ಮೇಲೆ ಮಾಡಿದ್ದರು. ಮಷೀನು ಒಂದೇ ಸಮನೆ ಕೂಗುತ್ತಿತ್ತು.

'ಅಯ್ಯೋ... ನನ್ನ ಕೈಯಲ್ಲೇ ಏನಾದರೂ ಆಗಿಹೋದರೆ?!'

ಅವಳ ಹೆಗಲ ಪಕ್ಕದಿಂದ ಒಂದು ಕೈ ಮುಂದೆ ಬಂತು. ಮಷೀನಿನ ಕೂಗು ನಿಲ್ಲಿಸಿತು, ಸಲೈನ್ ಬಿಟ್ಟಿತು, ಅಜ್ಜನ ಮಣಿಕಟ್ಟು ಹಿಡಿಯಿತು. ಆ ಕೈಗೆ ಅವಸರವಿತ್ತು, ಗಾಬರಿ ಇರಲಿಲ್ಲ. ಶೀಲಾ ಎಚ್ಚೆತ್ತು ಅಜ್ಜನ ಕಾಲು ಎತ್ತಿ ಹಿಡಿದಳು.

"ಅಂಜಬ್ಯಾಡ್ರಿ. ಬಿಪಿ ಇಳದದ ಅಷ್ಟ. ಕಾಲು ಹಿಂಗೇ ಹಿಡ್ಕೊಂಡು ನಿಂದರ್ರಿ, ಅಜ್ಜಾರು ವಾಪಸ್ ಬರ್ತಾರ."

ಬಂದರು. ಕಣ್ಣು ಬಿಟ್ಟು, "ಎಲ್ಲೀ ತನಕ ಹೇಳಿದ್ದೆ ನಾ?" ಎಂದು ಕೇಳಿದರು.

"ಮೊಮ್ಮಗಳು ಮಾಸ್ತರ ಚಶ್ಮಾ ಮುಚ್ಚಿಟ್ಟಳು ಅನ್ನೂತನಕ ರೀ," ಎಂದ ಅವನು.

ಶೀಲಾಳಿಗೆ ಅಳು ಉಕ್ಕಿ ಬಂತು. ನುಂಗಿಕೊಂಡು ಅವನ ಮುಖ ನೋಡಿದಳು. ಎದೆ ಈಗ ಬೇರೆಯೇ ಕಾರಣಕ್ಕೆ ಹೊಡೆದುಕೊಳ್ಳತೊಡಗಿತು.

"ಥ್ಯಾಂಕ್ಸ್... ಬ್ರದರ್."

ನೋಡಿ, ಎಡವಟ್ಟಾಗಿದ್ದು ಅಲ್ಲೇ! ಆಸ್ಪತ್ರೆಯಲ್ಲಿ ನರ್ಸು ಹೆಣ್ಣಾದರೆ ಸಿಸ್ಟರ್, ಗಂಡಾದರೆ ಬ್ರದರ್. ಈ ಪದ್ಧತಿ ಹಾಕಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನಿಗೆ ಜನ್ಮದಲ್ಲಿ ಒಮ್ಮೆಯೂ ಪ್ರೀತಿ ಆಗಿರಲಿಕ್ಕಿಲ್ಲ. ಅಜ್ಜನನ್ನು ಉಳಿಸಿದವನ ಹೆಸರು ದಿಲೀಪ ಎಂದು ಆ ದಿನವೇ ಗೊತ್ತಾದರೂ, ಶೀಲಾ ಆ ಹೆಸರನ್ನು ಬಾಯಿಬಿಟ್ಟು ಕರೆಯಲು ವರ್ಷ ಕಳೆದರೂ ಧೈರ್ಯ ಮಾಡಲಿಲ್ಲ.

ಆ ವರ್ಷದಲ್ಲಿ ಅವಳು ಜೇವರ್ಗಿ ಕಾಲೋನಿಯ ಜರ್ಮನ್ ಕ್ಲಾಸಿಗೆ ಸೇರಿದಳು. ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು ಎಂಬುದು ಅವಳ ಒಂದೇ ಆಸೆ. ಅಲ್ಲಿ ನೋಡಿದರೆ ಹಿಂದಿನ ಬೆಂಚಿನಲ್ಲಿ ದಿಲೀಪ!

"ನೀವ್ಯಾಕ್ರಿ ಇಲ್ಲಿ?"

"ಸುಮ್ನ... ಟೈಂಪಾಸ್ ರೀ."

ಜರ್ಮನ್ ವ್ಯಾಕರಣವನ್ನು ಟೈಂಪಾಸಿಗೆ ಕಲಿಯುವ ಮನುಷ್ಯ ಭೂಮಿ ಮೇಲೆ ಇದ್ದಾನೆಯೇ? ಶೀಲಾ ಮತ್ತೆ ಕೇಳಲಿಲ್ಲ. 'ನನಗಾಗಿಯೇ ಬರುತ್ತಾನೇನೋ...' ಎಂದುಕೊಂಡು ಒಳಗೊಳಗೇ ಬೀಗಿದಳು. ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಗೆ ಅರ್ಜಿ ಹಾಕಲು ಹೇಳಿದ್ದೂ ಅವನೇ. ಅಲ್ಲೇ ಅವಳಿಗೆ ಕೆಲಸ ಸಿಕ್ಕಿತು. ಅವರು ಕೊಟ್ಟ ಗಡುವು ದೀಪಾವಳಿಗೂ ಮೊದಲೇ ಬರುತ್ತಿತ್ತು.

ಉಳಿದದ್ದು ವೀಸಾ. ಅಲ್ಲಿಂದ ಶುರುವಾಯಿತು ಅಂಜಿಕೆ.

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಆಫೀಸು ಇಟ್ಟಿದ್ದ ಏಜೆಂಟ್ ಸುನೀಲಕುಮಾರ ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದ. "ಬೆಂಗಳೂರಾಗ ದೀಪಾವಳಿ ಆದಮ್ಯಾಲೇ ತಾರೀಖು. ಹೈದ್ರಾಬಾದಾಗ ಮುಂದಿನ ವಾರಾನೇ ಖಾಲಿ ಅದ. ಅಲ್ಲಿ ನಿಮ್ಮ ಮಂದಿ ಯಾರರ ಇದ್ದಾರೇನು?"

"ಚಿಕ್ಕವ್ವ ಇದ್ದಾಳ್ರಿ, ತುಳಜಾಬಾಯಿ."

"ಮುಗೀತಲ್ಲ! ಒಂದು ವರ್ಷದಿಂದ ಆಕಿ ಮನ್ಯಾಗೇ ಇದ್ದೀನಿ ಅಂತ ಬಾಡಿಗಿ ಕರಾರು ಮಾಡಸ್ತೀನಿ. ಪತ್ತಾ ಬಾಯಿಪಾಠ ಮಾಡ್ಕೋರಿ."

ತನ್ನೂರು ಕಮಲಾಪುರದ ಮನೆಗೆ ಬಂದು ಹೇಳಿದಾಗ ಅವ್ವ ರಮಾಬಾಯಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ.

"ಸುಳ್ಳೆಲ್ಲಿ ಬಂತು? ತಂಗಿ ಮನಿ ಅಂದ್ರ ನಮ್ಮನೀನೇ. ಹೈದ್ರಾಬಾದೇನು ಪರದೇಶ ಏನು?"

ಅವಳ ಮಾತೂ ಸುಳ್ಳಲ್ಲ. ಈ ಕಡೆಯವರಿಗೆ ಮದುವೆಯ ಜವಳಿಗೆ, ಎದೆಯ ಆಪರೇಷನ್ನಿಗೆ, ಕಣ್ಣಿನ ಡಾಕ್ಟರಿಗೆ ಹೈದರಾಬಾದೇ ಗತಿ. ನಿಜಾಮನ ಕಾಲದಿಂದ ಬಂದ ರೂಢಿ. ಬೆಂಗಳೂರೇ ಇವರಿಗೆ ದೂರದ ಊರು. ಆದರೆ ವೀಸಾ ಕೊಡುವವರಿಗೆ ಈ ಬಳಗದ ಲೆಕ್ಕ ತಿಳಿಯುತ್ತದೆಯೇ? ಕರ್ನಾಟಕದಲ್ಲಿ ವಾಸ ಇರುವವರು ಬೆಂಗಳೂರಿನಲ್ಲೇ ಅರ್ಜಿ ಕೊಡಬೇಕು ಎಂದು ಶೀಲಾ ಎಲ್ಲೋ ಓದಿದ್ದಳು.

ಕಾದರೆ ಕೆಲಸ ಹೋಗುತ್ತದೆ. ಕಾಯದಿದ್ದರೆ... ಸಿಕ್ಕಿಬಿದ್ದರೆ? ಆದರೂ ಹೈದರಾಬಾದಿಗೇ ತಾರೀಖು ತೆಗೆದುಕೊಂಡಳು.

ಮರುದಿನ ಕ್ಯಾಂಟೀನಿನಲ್ಲಿ ದಿಲೀಪನ ಮುಂದೆ ಕೂತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಕೆಲಸ, ತಾರೀಖು, ಚಿಕ್ಕವ್ವನ ಪತ್ತಾ, ಎಲ್ಲ.

ದಿಲೀಪ ಚಹಾದ ಕಪ್ಪು ಕೆಳಗಿಟ್ಟ. ಅವನ ಮುಖ ಬಿಳಿಚಿಕೊಂಡಿತ್ತು.

"ಹೋಗಬ್ಯಾಡ, ಶೀಲಾ."

ಸಿಸ್ಟರ್ ಇಲ್ಲ. ರೀ ಇಲ್ಲ. ಬರೀ ಶೀಲಾ! ಅವಳ ಎದೆ ಒಂದು ಸಲ ಹಾರಿತು. ಮರುಕ್ಷಣವೇ ತಣ್ಣಗಾಯಿತು.

ಆ ಮಾತು ಅವಳ ಮನೆಯಲ್ಲಿ ಹಳೆಯದು. ಅವ್ವನಿಗೆ ಮದುವೆಯಾದ ಹೊಸದರಲ್ಲಿ ರಾಯಚೂರಿನಲ್ಲಿ ನರ್ಸ್ ಟ್ರೇನಿಂಗಿಗೆ ಸೀಟು ಸಿಕ್ಕಿತ್ತು. ಅಜ್ಜಿ ಭೀಮಬಾಯಿ ರೊಟ್ಟಿ ಬಡಿಯುತ್ತ "ಹೋಗಬ್ಯಾಡ" ಎಂದಿದ್ದಳು. ಅಪ್ಪ ತಲೆ ತಗ್ಗಿಸಿದ್ದ. ಅಷ್ಟೇ! ಅವ್ವ ಇಂದಿಗೂ ಬಸ್ಸಿನಲ್ಲಿ ಬಿಳಿ ಸಮವಸ್ತ್ರದ ಹುಡುಗಿಯರನ್ನು ಕಂಡರೆ ಕಣ್ಣು ಕೀಳುವುದಿಲ್ಲ. ಪ್ರೀತಿಸಿದವನೂ ಒಂದು ದಿನ ಇದನ್ನೇ ಅಂದರೆ ಏನು ಮಾಡಲಿ ಎಂಬ ಭಯ ಶೀಲಾಳಿಗೆ ಮೊದಲಿನಿಂದಲೂ ಇತ್ತು.

"ನೀವೂ ಅದೇ ಅಂದ್ರಲ್ಲ!" ಎಂದಳು.

"ಹಂಗಲ್ಲ, ಕೇಳಿಲ್ಲಿ—"

"ಬ್ರದರ್! ಮೂರನೇ ಬೆಡ್ಡು, ಜಲ್ದಿ ಬರ್ರಿ!" ಬಾಗಿಲಲ್ಲಿ ನಿಂತು ಕೂಗಿದಳು ಜೊತೆಗೆಲಸದ ನೂರಜಹಾನ್.

ಅವನು ಎದ್ದು ಓಡುತ್ತಲೇ ತಿರುಗಿ ಹೇಳಿದ. "ಸಂಜಿಗಿ ಹೇಳ್ತೀನಿ. ನೀ ಮಾತ್ರ ಹೋಗಬ್ಯಾಡ!"

ಸಂಜೆಗೆ ಅವಳು ಕಾಯಲಿಲ್ಲ. ರಜೆ ಹಾಕಿ, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿ, ಅವನ ನಂಬರನ್ನು ಬ್ಲಾಕ್ ಮಾಡಿ ಊರಿಗೆ ಬಂದುಬಿಟ್ಟಳು. ಸಾಲದ್ದಕ್ಕೆ ನೂರಜಹಾನಳ ಫೋನು ಬೇರೆ.

"ಸುದ್ದಿ ಕೇಳಿದೇನ? ದಿಲೀಪ್ ಬ್ರದರ್ ಹೋದ ತಿಂಗಳ ಯಾರಿಗೂ ಹೇಳ್ದಂಗ ಬೆಂಗಳೂರಿಗಿ ಹೋಗಿ ಬಂದಾನಂತ. ಹುಡುಗಿ ನೋಡಾಕ ಹೋಗಿದ್ದ ಕಾಣ್ತದ!"

ಶೀಲಾ ಫೋನಿಟ್ಟು ಬಾಳೆಯ ತೋಟದೊಳಗೆ ಹೋಗಿ ಮನಸಾರೆ ಅತ್ತಳು. 'ತಾನು ಹುಡುಗಿ ನೋಡಿ ಬಂದವನು ನನಗ್ಯಾಕೆ ಹೋಗಬೇಡ ಅನ್ನಬೇಕು?!' ಆಮೇಲೆ ಮುಖ ತೊಳೆದು ಪಾಠಕ್ಕೆ ಕೂತಳು. ಚಿಕ್ಕವ್ವನ ಮನೆ ನಂಬರು, ಗಲ್ಲಿ, ಪಿನ್ ಕೋಡು. ಒಂದು ಸಲ ಸರಿ ಬಂದದ್ದು ಇನ್ನೊಂದು ಸಲ ತಪ್ಪುತ್ತಿತ್ತು. ಕನಸಿನಲ್ಲೂ ಯಾರೋ ಗಾಜಿನ ಆಚೆ ಕೂತು ಪತ್ತಾ ಕೇಳುತ್ತಿದ್ದರು.

ಹೈದರಾಬಾದಿಗೆ ಹೊರಡುವ ಹಿಂದಿನ ದಿನ. ಅಪ್ಪ ಮಾಪಣ್ಣ ಚಿಕ್ಕವ್ವನಿಗೆಂದು ಕೆಂಪು ಬಾಳೆಯ ಗೊನೆ ಇಳಿಸುತ್ತಿದ್ದ. ಬೇಲಿಯ ಹತ್ತಿರ ಯಾರೋ ಬಂದು ನಿಂತರು.

"ಜೈ ಭೀಮ್, ಕಾಕಾ. ಇದು ಮಾಪಣ್ಣಾರ ಮನಿ ಹೌದೇನ್ರಿ?"

ಶೀಲಾಳ ಜೀವ ಬಾಯಿಗೆ ಬಂತು. ದಿಲೀಪ!

'ಅಪ್ಪ ಏನಂದುಕೊಳ್ಳುತ್ತಾನೆ? ಅವ್ವನ ಮುಂದೆಯೂ ಹೋಗಬೇಡ ಅಂದುಬಿಟ್ಟರೆ?'

"ಜೈ ಭೀಮ್, ಬಾರಪ್ಪ. ಯಾರು ನೀ?"

"ಶೀಲಾ ಸಿಸ್ಟರ್ ಜೋಡಿ ಕೆಲಸ ಮಾಡ್ತೀನ್ರಿ. ಒಂದು ಮಾತು ಹೇಳಿ ಹೋಗ್ತೀನಿ."

"ಏನೂ ಹೇಳೂದು ಬ್ಯಾಡ!" ಶೀಲಾ ಅಂಗಳಕ್ಕೆ ಧಾವಿಸಿದಳು. "ನೀವು ಹೋಗಬ್ಯಾಡ ಅಂದ್ರೂ ನಾ ಹೋಗಾಕೀನೇ!"

"ನಾ ಹೋಗಬ್ಯಾಡ ಅಂದದ್ದು ಹೈದ್ರಾಬಾದಿಗಿ, ಶೀಲಾ! ಜರ್ಮನಿಗಿ ಬ್ಯಾಡ ಅಂತ ಯಾವಾಗ ಅಂದೆ?"

ರಮಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಹೋದ ತಿಂಗಳ ನಾನೂ ವೀಸಾಕ್ಕ ಬೆಂಗಳೂರಿಗಿ ಹೋಗಿದ್ದೆ," ಎಂದ ದಿಲೀಪ. "ನನ್ನ ಮುಂದ ಒಬ್ಬಾಕಿ ನಿಂತಿದ್ಲು, ಹೈದ್ರಾಬಾದಿನ ನರ್ಸು. ಬೆಂಗಳೂರಿನ ಗೆಳತಿ ಮನಿ ಪತ್ತಾ ಕೊಟ್ಟಿದ್ಲು. ಅಲ್ಲಿ ಕೂತಾಕಿ ಒಂದೇ ಮಾತು ಕೇಳಿದ್ಲು, ನಿಮ್ಮ ಮನಿ ಮುಂದ ಏನದ ಅಂತ. ಆಕಿಗಿ ಹೇಳಾಕ ಬರಲಿಲ್ಲ. ಅಳಕೋಂತ ಹೊರಗ ಹೋದ್ಲು. ಆ ಮಾರಿ ನನ್ನ ಕಣ್ಣಾಗಿಂದ ಹೋಗವಲ್ತು..."

ಅವನು ಶೀಲಾಳ ಕಡೆ ತಿರುಗಿದ.

"ನೀ ಹೇಳು ನೋಡೋಣು. ನಿಮ್ಮ ಮನಿ ಮುಂದ ಏನದ?"

"ಬಾಳಿ ತೋಟ," ಎಂದಳು ಶೀಲಾ, ಯೋಚಿಸದೆ.

ಅಂದವಳೇ ಬಾಯಿ ಮುಚ್ಚಿಕೊಂಡಳು. ಚಿಕ್ಕವ್ವ ಹೊಸ ಮನೆಗೆ ಹೋದ ಮೇಲೆ ಶೀಲಾ ಅಲ್ಲಿಗೆ ಕಾಲಿಟ್ಟಿರಲೇ ಇಲ್ಲ! ಇಷ್ಟು ದಿನ ಬಾಯಿಪಾಠ ಮಾಡಿದ್ದೆಲ್ಲ ಒಂದು ಪ್ರಶ್ನೆಗೆ ನೀರಾಗಿಹೋಯಿತು.

"ಅಲ್ಲಪ್ಪ, ತಂಗಿ ಮನಿ ನಮ್ಮನಿ ಅಲ್ಲೇನು?" ರಮಾಬಾಯಿಯ ದನಿಯಲ್ಲೂ ಈಗ ಜೋರಿರಲಿಲ್ಲ.

"ನಮಗ ಹೌದು ಕಾಕು. ಅವರಿಗಿ ಅದು ಸುಳ್ಳು. ಒಮ್ಮಿ ಸುಳ್ಳು ಅಂತ ಬರದ್ರಂದ್ರ, ಮುಂದ ಖರೇ ಹೇಳಿದ್ರೂ ನಂಬಾಂಗಿಲ್ಲ."

ಶೀಲಾ ಅವನನ್ನೇ ನೋಡಿದಳು. "ನೀವೂ ವೀಸಾಕ್ಕ ಹೋಗಿದ್ರಿ... ನನಗ್ಯಾಕ ಹೇಳಲಿಲ್ಲ?"

ದಿಲೀಪ ತಲೆ ಕೆರೆದುಕೊಂಡ. "ವೀಸಾ ಕೈಗಿ ಬರೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ, ದೃಷ್ಟಿ ತಾಕ್ತದ ಅಂತ ನಮ್ಮವ್ವ ಆಣಿ ಹಾಕಿಸ್ಕೊಂಡಾಳ. ಇನ್ನೂ ಬಂದಿಲ್ಲ. ದಿನಾ ಅಂಜಿಕೋಂತ ಕುಂತೀನಿ. ನಿನಗ ಆ ಆಸ್ಪತ್ರಿಗಿ ಅರ್ಜಿ ಹಾಕು ಅಂದಿದ್ದು... ನನಗ ಕೆಲಸ ಸಿಕ್ಕದ್ದು ಅದರ ಬಾಜು ಊರಾಗ."

ಮಾಪಣ್ಣ ಗೊನೆಯನ್ನು ಇಳಿಸಿಟ್ಟು ಒಮ್ಮೆ ಮಗಳನ್ನು, ಒಮ್ಮೆ ಹುಡುಗನನ್ನು ನೋಡಿದ. ರಮಾಬಾಯಿ ಮಗಳ ಹತ್ತಿರ ಬಂದು ತಲೆ ಸವರಿದಳು.

"ಅವತ್ತು ನನಗ ಯಾರೂ ಕೇಳಲಿಲ್ಲವ್ವ. ನಿನಗ ನಾ ಕೇಳ್ತೀನಿ. ಎಲ್ಲಿಗಿ ಹೋಗ್ತಿ, ನೀನೇ ಹೇಳು."

ಕೆಲಸ ಕೈ ತಪ್ಪಬಹುದು. ಇಷ್ಟು ವರ್ಷದ ಕನಸು ಮಣ್ಣಾಗಬಹುದು. ಆದರೂ ಶೀಲಾ ಹೇಳಿದಳು.

"ಬೆಂಗಳೂರಿಗಿ, ಅವ್ವ. ಕಮಲಾಪುರದಾಕಿ ಅಂತ ಹೇಳೇ ಹೋಗ್ತೀನಿ."

ಅಂದೇ ಅವಳು ಹೈದರಾಬಾದಿನ ತಾರೀಖು ರದ್ದು ಮಾಡಿದಳು. ಜರ್ಮನಿಯ ಆಸ್ಪತ್ರೆಗೆ ಕಲಿತ ಜರ್ಮನ್ನಿನಲ್ಲೇ ಬರೆದಳು. 'ನಮ್ಮ ರಾಜ್ಯದವರಿಗೆ ಬೆಂಗಳೂರಿನಲ್ಲಿ ತಾರೀಖು ತಡವಾಗಿ ಸಿಗುತ್ತದೆ. ದಯವಿಟ್ಟು ಕಾಯುತ್ತೀರಾ?'

ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ವಾರ್ಡಿನಲ್ಲಿ ಫೋನು ಗುಂಯ್ ಎಂದಾಗಲೆಲ್ಲ ಶೀಲಾ ಓಡಿಹೋಗಿ ನೋಡುತ್ತಿದ್ದಳು. ಆಗೆಲ್ಲ ದಿಲೀಪ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದ. ಕೊನೆಗೊಂದು ಮಧ್ಯಾಹ್ನ ದೌಲಪ್ಪಜ್ಜನ ಮಂಚದ ಬಳಿ ಫೋನು ತೆಗೆದು ನೋಡಿದವಳು ಗೋಡೆಗೆ ಆತುಕೊಂಡಳು.

"ಏನವ್ವ, ನಿಂದೂ ಬಿಪಿ ಇಳೀತೇನು?" ಎಂದರು ಅಜ್ಜ.

"ಹೊಸ ವರ್ಷದ ತನಕ ಕಾಯ್ತಾರಂತ, ಅಜ್ಜ!" ಎಂದು ಅವಳು ನಗುತ್ತ ಅತ್ತುಬಿಟ್ಟಳು.

ದೀಪಾವಳಿ ಮುಗಿಯಿತು. ಬೆಂಗಳೂರಿಗೆ ಹೊರಡುವ ಸಂಜೆ ಕಲಬುರಗಿ ಸ್ಟೇಷನ್ನಿನಲ್ಲಿ ಅಪ್ಪ ನೀರಿನ ಬಾಟಲಿ ತರಲು ಹೋಗಿದ್ದ. ಜೊತೆಗೆ ಹೊರಟಿದ್ದ ಅವ್ವ ಬ್ಯಾಗು ಕಾಯುವ ನೆಪದಲ್ಲಿ ಆಚೆ ಮುಖ ಮಾಡಿ ಕೂತಿದ್ದಳು.

ದಿಲೀಪ ಓಡುತ್ತ ಬಂದ. ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಅವಳ ಕೈಗಿಟ್ಟ. ವೀಸಾ ಬಂದಿತ್ತು!

"ನಮ್ಮವ್ವಗೂ ಇನ್ನೂ ಹೇಳಿಲ್ಲ. ಮೊದಲ ನಿನಗ ತೋರಸಾಕ ಬಂದೀನಿ."

ಶೀಲಾ ಸಂತೋಷಪಟ್ಟಳು. ಆ ಸಂತೋಷದ ಅಡಿಯಿಂದಲೇ ಭಯ ಎದ್ದು ಬಂತು. "ನಿಮದು ಆಯ್ತು... ನಂದು ಆಗಲಿಲ್ಲಂದ್ರ? ನೀವು ಅಲ್ಲಿ, ನಾ ಇಲ್ಲಿ... ನನಗ ಭಾಳ ಅಂಜಿಕಿ ಆಗಾಕತ್ತದ."

"ಆಗಲಿಲ್ಲಂದ್ರ ಮತ್ತೊಮ್ಮಿ ಹಾಕೋಣು. ನೀ ಬರೂತನಕ ಅಲ್ಲಿ ನಾ ಕಾಯ್ತೀನಿ. ಅಂಜಿಕಿ ನನಗೂ ಅದ, ಶೀಲಾ." ಅವನು ಬೆಂಚಿನ ಮೇಲೆ ಕೂತು ಮುಖ ಗಂಭೀರ ಮಾಡಿಕೊಂಡ. "ಈಗ ನಾನೇ ವೀಸಾ ಸಾಹೇಬ. ಕೇಳಿದ್ದಕ್ಕ ಉತ್ತರ ಕೊಡು. ನಿಮ್ಮ ಮನಿ ಮುಂದ ಏನದ?"

"ಬಾಳಿ ತೋಟ. ಕೆಂಪು ಬಾಳಿ."

"ಮನ್ಯಾಗ ಯಾರ್ಯಾರು?"

"ಅಪ್ಪ, ಅವ್ವ."

"ಮದಿವಿ?"

"ಇನ್ನೂ ಇಲ್ರಿ." ಅವಳ ತುಟಿಯಂಚಿನಲ್ಲಿ ನಗು ಇಣುಕಿತು. "ಕೇಳಬೇಕಾದಾಂವ ಬ್ರದರ್ ಆಗಿ ಕುಂತಾನ."

ದೂರದಲ್ಲಿ ರೈಲಿನ ಕೂಗು ಕೇಳಿಸಿತು. ಸಾಹೇಬನ ಗಾಂಭೀರ್ಯವೆಲ್ಲ ಕರಗಿಹೋಯಿತು.

"ಬ್ರದರ್ ಅನ್ನೂದು ಬಿಡ್ತೀಯಾ? ನಾ ನಿನ್ನ ಮೊದಲ ದಿನದಿಂದಲೇ... ನನ್ನ ಲಗ್ನ ಆಗ್ತೀಯೇನು, ಶೀಲಾ?"

ರೈಲು ಬಂದು ನಿಂತಿತು. ಅವಳು ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ಅವನ ಕಡೆ ಬಾಗಿದಳು.

"ಮನಿಗಿ ಬಂದು ಅಪ್ಪನ್ನ ಕೇಳು... ದಿಲೀಪ."