ನಡುವೆ ನಿಂತ ಕಂಬ

"ಅಮ್ಮಾ, ಆ ಕಂಬ ಮತ್ತೆ ಯಾಕೆ ಬಂತು? ಬೆಳಿಗ್ಗೆ ನಾನು ತೆಗೆದಿದ್ದೆನಲ್ಲ!"

ಚಂಡಿ ಸ್ಕೂಲ್ ಬ್ಯಾಗನ್ನೂ ಇಳಿಸದೆ, ಸೊಂಟದ ಮೇಲೆ ಕೈಯಿಟ್ಟು ಕಂಪ್ಯೂಟರ್ ಮುಂದೆ ನಿಂತಿದ್ದಳು.

"ಓಹೋ, ತೆಗೆದವಳು ನೀನಾ?" ಅಮ್ಮ ಕನ್ನಡಕವನ್ನು ತಲೆಗೇರಿಸಿದಳು. "ಸಾಫ್ಟ್‌ವೇರ್ ಕೆಟ್ಟಿದೆ ಅಂತ ನಾನು ತಲೆ ಕೆರೆದುಕೊಂಡು ಕೂತಿದ್ದೆ. ಕೆಲಸದ ಡ್ರಾಯಿಂಗ್ ಮುಟ್ಟಬೇಡ ಅಂದಿರಲಿಲ್ವಾ?"

"ಇದು ನಮ್ಮ ಸ್ಕೂಲಿನ ಶೆಡ್. ಕೆಳಗೆ ನಿಲ್ಲೋದು ನಾವು, ನೀನಲ್ಲ!"

ಅವಳಿಗೆ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಒಮ್ಮೆ ಹಟ ಹಿಡಿದಳೆಂದರೆ ಯಾರು ಹೇಳಿದರೂ ಬಿಡುತ್ತಿರಲಿಲ್ಲವಾದ್ದರಿಂದ ಮನೆಯವರಿಗೆಲ್ಲ ಅವಳು ಚಂಡಿ.

ಅಮ್ಮ ಮತ್ತು ಮಾವ ಸೇರಿ ಮರದ ಶೆಡ್‌ಗಳನ್ನು ಕಟ್ಟಿಕೊಡುತ್ತಿದ್ದರು. ಮೇಲೆ ಮನೆ, ಕೆಳಗೆ ಮಾವನ ವರ್ಕ್‌ಶಾಪ್. ಮರಕ್ಕೆ ಗರಗಸ ಇಡುವ ಮೊದಲು ಅಮ್ಮ ಎಲ್ಲವನ್ನೂ ಮನೆ ಡಿಸೈನ್ ಮಾಡುವ ಸಾಫ್ಟ್‌ವೇರಿನಲ್ಲಿ ಕಟ್ಟಿ ನೋಡುತ್ತಿದ್ದಳು. ಮೊದಲು ಕಂಬ. ಕಂಬಗಳ ತಲೆಯ ಮೇಲೆ ಅಡ್ಡಲಾಗಿ ತೊಲೆ. ತೊಲೆಯ ಮೇಲೆ ಮಾಡು, ಅಂದರೆ ಸೂರು. ಗೋಡೆಯೇ ಇಲ್ಲ.

ಈ ಸಲದ ಶೆಡ್ ಚಂಡಿಯ ಶಾಲೆಗೆ, ವ್ಯಾನ್ ಬರುವವರೆಗೆ ಮಕ್ಕಳು ಗೇಟಿನ ಹತ್ತಿರ ಕಾಯುವುದಕ್ಕೆ. ಅಲ್ಲಿ ಚಂಡಿ ಮತ್ತು ಗೆಳತಿಯರು ದಿನವೂ ಉದ್ದದ ಹಗ್ಗ ತಿರುಗಿಸಿ ಜಿಗಿಯುತ್ತಿದ್ದರು. ಅಮ್ಮನ ಡ್ರಾಯಿಂಗಿನಲ್ಲಿ ಮುಂದಿನ ಸಾಲಿನ ನಟ್ಟನಡುವೆ ಒಂದು ಕಂಬ!

"ಹಗ್ಗ ಅದಕ್ಕೇ ಬಡಿಯುತ್ತೆ," ಎಂದಳು ಚಂಡಿ. "ನಾನು ತೆಗೆದಾಗ ಕಂಪ್ಯೂಟರ್ ಬೇಡ ಅನ್ನಲೇ ಇಲ್ಲ. ತೊಲೆ ನೆಟ್ಟಗೇ ಇತ್ತು."

"ಅದರೊಳಗೆ ಯಾವುದಕ್ಕೂ ಭಾರ ಇಲ್ಲ ಕಣೇ. ತೊಲೆಯನ್ನ ಗಾಳಿಯಲ್ಲಿ ಬಿಟ್ಟರೂ ತೇಲುತ್ತೆ."

"ನೀನು ಹೇಳಿದೆ ಅಂತ ನಾನು ನಂಬಲ್ಲ."

"ನಂಬಬೇಡ. ಮೌಸ್ ಮಾತ್ರ ಮುಟ್ಟಬೇಡ."

ಚಂಡಿ ದಡದಡ ಮೆಟ್ಟಿಲಿಳಿದು ವರ್ಕ್‌ಶಾಪಿಗೆ ನುಗ್ಗಿದಳು.

"ಮಾವಾ, ಒಂದು ಉದ್ದದ ಪಟ್ಟಿ ಕೊಡು. ಅಮ್ಮ ಹೇಳಿದ್ದು ತಪ್ಪು ಅಂತ ತೋರಿಸಬೇಕು."

"ನಿಮ್ಮಿಬ್ಬರ ಜಗಳಕ್ಕೆ ನನ್ನ ಮರ ಯಾಕಮ್ಮಾ?" ಎನ್ನುತ್ತಲೇ ಮಾವ ಮೂಲೆಯಿಂದ ಒಂದು ಪಟ್ಟಿ ಎಳೆದುಕೊಟ್ಟ.

ಚಂಡಿ ಎರಡು ಸ್ಟೂಲುಗಳನ್ನು ದೂರದೂರ ಇಟ್ಟು ಪಟ್ಟಿಯನ್ನು ಅಡ್ಡ ಮಲಗಿಸಿದಳು. ಅದು ನೆಟ್ಟಗೆ ಮಲಗಿತು.

"ನೋಡಿದ್ಯಾ?"

"ನೋಡಿದೆ. ಮಾಡು ಎಲ್ಲಿ?"

ಚಂಡಿ ಬೆನ್ನಿನ ಬ್ಯಾಗನ್ನು ಬಿಚ್ಚಿ ಪಟ್ಟಿಯ ನಡುವೆ ಇಟ್ಟಳು. ಪಟ್ಟಿ ಬಾಳೆಹಣ್ಣಿನಂತೆ ಬಾಗಿತು. ಬ್ಯಾಗ್ ಜಾರಿ ಬಿತ್ತು. ಊಟದ ಡಬ್ಬಿ ಹೊರಗೆ ಹಾರಿ ಠಣ್ ಎಂದು ಮೇಜಿನಡಿಗೆ ಉರುಳಿತು. ಮಾವ ಗೋಡೆಯ ಕಡೆ ತಿರುಗಿಕೊಂಡ. ಅವನ ಭುಜ ಕುಲುಕುತ್ತಿತ್ತು.

"ನಗಬೇಡ!"

"ನಾನೆಲ್ಲಿ ನಕ್ಕೆ? ಧೂಳು, ಧೂಳು."

ಚಂಡಿ ತುಟಿ ಕಚ್ಚಿಕೊಂಡು ಪಟ್ಟಿಯ ನಡುವೆ ಮರದ ತುಂಡೊಂದನ್ನು ಕಂಬದ ಹಾಗೆ ಆನಿಸಿದಳು. ಈಗ ಬ್ಯಾಗ್ ಇಟ್ಟರೂ ಪಟ್ಟಿ ಅಲ್ಲಾಡಲಿಲ್ಲ. ಅವಳಿಗೆ ಇನ್ನೂ ಸಿಟ್ಟು ಬಂತು. ತುಂಡನ್ನು ಒಂದು ಪಕ್ಕಕ್ಕೆ ಸರಿಸಿದಳು. ಉದ್ದ ಉಳಿದ ಕಡೆ ಪಟ್ಟಿ ಸ್ವಲ್ಪ ಬಾಗಿತು. ಪಟ್ಟಿಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿದರೆ? ಅದು ಹೊರಳದಂತೆ ಎರಡು ತುದಿಗೂ ಮರದ ಚೂರು ಒತ್ತಿ, ಬ್ಯಾಗನ್ನು ಮೆಲ್ಲಗೆ ತೂಗುಹಾಕಿದಳು.

ಅದೇ ಪಟ್ಟಿ. ಅದೇ ಬ್ಯಾಗ್. ಒಂದಿಷ್ಟೂ ಬಾಗಲಿಲ್ಲ!

ಮೆಟ್ಟಿಲು ಹತ್ತುವಾಗ ಅವಳ ಕಾಲು ಸದ್ದು ಮಾಡಲಿಲ್ಲ.

"ಕಂಬ ಇರಲಿ," ಎಂದಳು ಅಮ್ಮನ ಹತ್ತಿರ ಬಂದು. "ಆದರೆ ನಡುವೆ ಬೇಡ. ಈ ಪಕ್ಕಕ್ಕೆ ಸರಿಸು. ಉದ್ದದ ಕಡೆ ತೊಲೆಯ ಮೈ ಎತ್ತರ ಜಾಸ್ತಿ ಮಾಡು, ಅಂಚಿನ ಮೇಲೆ ನಿಲ್ಲಿಸಿದ ಪಟ್ಟಿಯ ಹಾಗೆ."

ಅಮ್ಮ ಅವಳನ್ನೇ ನೋಡಿದಳು. "ಅಂದ್ರೆ ಸೋತೆ ಅಂತ ಒಪ್ಪಿಕೊಂಡೆಯಾ?"

"ಅರ್ಧ."

ಅಮ್ಮ ಕಂಬವನ್ನು ಸರಿಸಿದಳು, ತೊಲೆಯ ಮೈಯನ್ನು ಎತ್ತರಿಸಿದಳು, ಮರದ ಲೆಕ್ಕ ಹಾಕಿ ಮತ್ತೆ ಒಂದಿಷ್ಟು ಎತ್ತರಿಸಿದಳು. ಕೊನೆಗೆ "ಆಗುತ್ತೆ" ಎಂದು ಡ್ರಾಯಿಂಗನ್ನು ಶಾಲೆಗೆ ಕಳಿಸಿದಳು.

ಮರುದಿನ ಸಂಜೆ ಹೆಡ್ ಮಿಸ್ ಫೋನ್ ಮಾಡಿದರು. ಅಮ್ಮ ಸ್ಪೀಕರ್ ಹಾಕಿ, ಪರದೆಯ ಮೇಲೆ ಡ್ರಾಯಿಂಗ್ ತೆರೆದಳು.

"ಎಲ್ಲಾ ಚೆನ್ನಾಗಿದೆ. ಆದರೆ ಮುಂದಿನ ಆ ಒಂದು ಕಂಬ ಕಣ್ಣಿಗೆ ಹೊಡೆಯುತ್ತೆ. ತೆಗೆದುಬಿಡಿ. ಕಂಪ್ಯೂಟರಲ್ಲಿ ಒಂದು ಕ್ಲಿಕ್ ತಾನೆ?"

ಚಂಡಿಯ ಕಿವಿ ಬಿಸಿಯಾಯಿತು.

"ಆಗಲ್ಲ ಮೇಡಂ," ಎಂದಳು ಅಮ್ಮ.

"ನಾಳೆ ಮೀಟಿಂಗಲ್ಲಿ ತೋರಿಸಬೇಕು. ಚಿತ್ರದಲ್ಲಾದರೂ ತೆಗೀರಿ, ಕಟ್ಟುವಾಗ ನೋಡಿಕೊಳ್ಳೋಣ."

"ಚಿತ್ರದಲ್ಲೂ ಇರುತ್ತೆ ಮೇಡಂ, ಕಟ್ಟುವಾಗಲೂ ಇರುತ್ತೆ."

"ಹಾಗಾದರೆ ನಾನು ಬೇರೆಯವರನ್ನ ಕೇಳಬೇಕಾಗುತ್ತೆ."

ಈಗ ಅಮ್ಮ ಸರಿ ಎನ್ನುತ್ತಾಳೆ ಎಂದುಕೊಂಡಳು ಚಂಡಿ. ಈ ತಿಂಗಳು ಬೇರೆ ಕೆಲಸವೇ ಬಂದಿಲ್ಲ ಎಂದು ಮಾವ ಹೇಳಿದ್ದು ಅವಳಿಗೆ ಗೊತ್ತಿತ್ತು.

"ಕೇಳಿ ಮೇಡಂ. ಅವರು ತೆಗೀತೀವಿ ಅಂದ್ರೆ, ಮಾಡಿನ ಭಾರ ಯಾವುದು ಹೊರುತ್ತೆ ಅಂತಲೂ ಕೇಳಿ. ಅದರ ಕೆಳಗೆ ನನ್ನ ಮಗಳೂ ನಿಲ್ಲುತ್ತಾಳೆ."

ಚಂಡಿಗೆ ತಡೆಯಲಾಗಲಿಲ್ಲ.

"ತೊಲೆ ಬಾಗುತ್ತೆ ಮಿಸ್! ನಾನೇ ಬ್ಯಾಗ್ ಇಟ್ಟು ನೋಡಿದೀನಿ. ಊಟದ ಡಬ್ಬಿ ಬಿದ್ದುಹೋಯ್ತು!"

"ಯಾರದು?" ಹೆಡ್ ಮಿಸ್ ಗಂಟಲು ಸರಿಮಾಡಿಕೊಂಡರು. "ಆಯ್ತು, ಆಯ್ತು. ಕಂಬ ಇರಲಿ. ಆದರೆ ಬಣ್ಣ ಮಾತ್ರ ನಾನು ಹೇಳಿದ್ದೇ."

"ಆಗಲಿ ಮೇಡಂ."

ಫೋನ್ ಕಟ್ ಆದದ್ದೇ ತಡ, ಚಂಡಿ ಕುಣಿದಾಡಿದಳು. "ಅಮ್ಮಾ, ಹೆಡ್ ಮಿಸ್‌ಗೇ ಆಗಲ್ಲ ಅಂದುಬಿಟ್ಟೆಯಲ್ಲ! ನಿನಗೆ ಒಂಚೂರೂ ಭಯ ಆಗಲಿಲ್ವಾ?"

"ಭಯ ಯಾಕೆ? ಇರು, ನೀರು ಕುಡಿದು ಬರ್ತೀನಿ," ಎಂದು ಅಮ್ಮ ಅಡುಗೆಮನೆಗೆ ನಡೆದಳು.

ಚಂಡಿ ಪರದೆಯ ಕಡೆ ತಿರುಗಿದಳು. ಅಲ್ಲಿ ಎಲ್ಲೆಲ್ಲೂ ಕಂಬ! ಹುಲ್ಲಿನ ಮೇಲೆ ಕಂಬ, ಗೇಟಿಗೆ ಅಡ್ಡ ಕಂಬ, ವ್ಯಾನ್ ನಿಲ್ಲುವ ಜಾಗದಲ್ಲಿ ಸಾಲು ಸಾಲು ಕಂಬ. ಫೋನಿನಲ್ಲಿ ಮಾತಾಡುತ್ತಿದ್ದಷ್ಟು ಹೊತ್ತೂ ಅಮ್ಮನ ಬೆರಳು ಮೌಸನ್ನು ಕ್ಲಿಕ್ ಕ್ಲಿಕ್ ಎಂದು ಒತ್ತುತ್ತಲೇ ಇತ್ತು; ಒತ್ತಿದಲ್ಲೆಲ್ಲ ಒಂದು ಕಂಬ ಎದ್ದಿತ್ತು.

ಒಳಗೆ ಲೋಟಕ್ಕೆ ನೀರು ಬಗ್ಗಿಸಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ.

ಅಮ್ಮನನ್ನು ಕರೆದು ತೋರಿಸಲು ತೆರೆದ ಬಾಯನ್ನು ಚಂಡಿ ಮುಚ್ಚಿಕೊಂಡಳು. ಕುರ್ಚಿಯಲ್ಲಿ ಮೆಲ್ಲಗೆ ಕೂತು, ತೊಲೆಯ ಕೆಳಗಿದ್ದವನ್ನು ಬಿಟ್ಟು ಉಳಿದ ಕಂಬಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ಅಮ್ಮ ಬರುವಷ್ಟರಲ್ಲಿ ಪರದೆಯ ಮೇಲಿನ ಅಂಗಳ ಖಾಲಿಯಾಗಿತ್ತು.