ಗಿರಾಕಿ ಉಂಡ ಮೇಲೆ

"ಮೊದ್ಲ ನಮ್ಮವ್ವನ ಕೈ ಬಿಡ್ರಿ!"

ಯಲಬುರ್ಗಾದ ಹಿರಿಯರ ಹಗಲು ಆಸರೆ ಕೇಂದ್ರದ ಅಡುಗೆಮನೆ ಬಾಗಿಲಲ್ಲಿ ಶಿವಲೀಲಾ ಕೂಗಿದ ರಭಸಕ್ಕೆ ಒಳಗಿದ್ದವರೆಲ್ಲ ಬೆಚ್ಚಿಬಿದ್ದರು.

ಒಲೆಯ ಮುಂದೆ ಅವಳ ತಾಯಿ ಶೇಖರಮ್ಮ. ಮೊಣಕೈವರೆಗೂ ಜೋಳದ ಹಿಟ್ಟು! ಪಕ್ಕದಲ್ಲೇ ಕೇಂದ್ರ ನಡೆಸುವ ಗುರುಬಸವ, ಆಕೆಯ ಮುಂಗೈ ಹಿಡಿದು ಕುಳಿತಿದ್ದ.

"ಮರೆವಿನ ರೋಗ ಐತಿ, ನಾ ಸಾಲಿಂದ ಬರೂತನಕ ನೋಡ್ಕೋರಿ ಅಂತ ಬಿಟ್ರ ರೊಟ್ಟಿ ಮಾಡಸ್ತೀರೇನು? ಪುಕ್ಕಟೆ ಆಳು ಸಿಕ್ಕಾಳಂತ ತಿಳದೀರಾ?"

"ಹಂಗಲ್ರಿ ಟೀಚರ, ಒಂದೀಟು ಕೇಳ್ರಿ... ಬೆಂಕಿ ತಾಗಬಾರದಂತ ನಾ ಕೈ..."

"ಏನೂ ಕೇಳೂದಿಲ್ಲ!"

ಸಿಟ್ಟು ಬಂದರೆ ಶಿವಲೀಲಾಳಿಗೆ ಕಿವಿಯೇ ಇರುವುದಿಲ್ಲ ಬಿಡಿ. ತಾಯಿಯನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟಳು. ಗುರುಬಸವ ಬಾಗಿಲಲ್ಲಿ ಸಪ್ಪಗೆ ನಿಂತದ್ದನ್ನು ತಿರುಗಿಯೂ ನೋಡಲಿಲ್ಲ.

ಇವನನ್ನೇ ಅಲ್ಲವೇ ನಾನು ನಂಬಿದ್ದು! ದಿನಾ ಸಂಜೆ ಆ ನಗು ನೋಡಿ ದಣಿವು ಮರೆತದ್ದು! ಆಟೋದಲ್ಲಿ ಅವಳ ಕಣ್ಣು ತುಂಬಿ ಬಂತು.

ಕೆಲಸ ಬಿಟ್ಟರೂ ಸರಿ, ಅವ್ವನನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಹಟ ಹಿಡಿದು ತಳಕಲ್ಲಿನ ಶಾಲೆಗೆ ರಜೆ ಹಾಕಿದಳು. 'ಅವ್ವನ್ನ ಬಿಟ್ಟು ಬರೂದಾದ್ರ ಮದುವಿ' ಎಂದ ವರಗಳನ್ನೆಲ್ಲ ಹೊಸ್ತಿಲಲ್ಲೇ ವಾಪಸು ಕಳಿಸಿದ ಹೆಣ್ಣು ಅವಳು.

ಆದರೆ ಅವ್ವ ಊಟವನ್ನೇ ಬಿಟ್ಟಳು! ತಾಟು ಇಟ್ಟರೆ ಸರಿಸುತ್ತಾಳೆ, ಬಾಗಿಲು ನೋಡುತ್ತಾಳೆ. ಮರುದಿನಕ್ಕೆ ನಿಲ್ಲಲೂ ತ್ರಾಣವಿಲ್ಲ.

"ಯವ್ವಾ, ಒಂದು ತುತ್ತು ತಗೋ... ಯಾಕ ಉಣವಲ್ಲಿ?"

"ಗಿರಾಕಿ ಉಂಡಿಲ್ಲ. ನಾ ಹೆಂಗ ಉಣ್ಲಿ?"

ಶಿವಲೀಲಾಳ ಕೈ ಅಲ್ಲೇ ನಿಂತಿತು.

ಬಸ್‌ಸ್ಟ್ಯಾಂಡ್ ಪಕ್ಕದ ಖಾನಾವಳಿ! ಅವ್ವ ಅದನ್ನು ನಡೆಸಿಯೇ ಮಗಳನ್ನು ಓದಿಸಿದ್ದು. ಕೊನೆಯ ಗಿರಾಕಿ ಕೈ ತೊಳೆಯುವತನಕ ಅವ್ವ ಹನಿ ನೀರು ಮುಟ್ಟುತ್ತಿರಲಿಲ್ಲ. ಆಮೇಲೆ ಅವಳ ಜೋಡಿ ಉಣ್ಣುತ್ತಿದ್ದದ್ದು ಮನೆಯವರು ಮಾತ್ರ.

ಕೇಂದ್ರಕ್ಕೆ ಹೋಗತೊಡಗಿದ ಮೇಲೆ ಅವ್ವ ಮೈ ತುಂಬಿಕೊಂಡದ್ದು ಗುಳಿಗೆಯಿಂದಲ್ಲ, ನಾಲ್ಕು ಮಂದಿಗೆ ರೊಟ್ಟಿ ಬಡಿಸಿ ಉಂಡದ್ದರಿಂದ... ಅಯ್ಯೋ ಶಿವನೇ! ಎಂಥ ಮಾತು ಅಂದುಬಿಟ್ಟೆ! ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ?

ಬರಲಿ, ಬಿಡಲಿ. ಅವ್ವ ಉಣ್ಣಬೇಕು. ಅವಳು ಆಗಲೇ ಆಟೋ ಕರೆದಳು.

ಕೇಂದ್ರದಲ್ಲಿ ಊಟದ ಹೊತ್ತು. ಶೇಖರಮ್ಮನನ್ನು ಕಂಡದ್ದೇ ಅಲ್ಲಿಯ ಹಿರಿಯಳು ಪಾರಮ್ಮ ಬೊಚ್ಚುಬಾಯಿ ಅಗಲಿಸಿದಳು. "ಬಾ ಯವ್ವಾ! ನೀ ಇಲ್ಲದ ರೊಟ್ಟಿಗೆ ರುಚೀನ ಇಲ್ಲ. ನಿನ್ನ ಮಗಳ ಬಾಯಿ ಮಾತ್ರ ಭಾಳ ಖಾರ ಐತಿ ನೋಡು!"

ಎಲ್ಲರೂ ನಕ್ಕರು. ಶಿವಲೀಲಾ ತಲೆ ತಗ್ಗಿಸಲಿಲ್ಲ, ನೇರ ಗುರುಬಸವನ ಎದುರು ನಿಂತಳು.

"ತಪ್ಪಾತ್ರಿ. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದ ಕೇಳ್ತೀನಿ. ಕ್ಷಮಿಸ್ರಿ."

"ಮೊದ್ಲ ಹಿಟ್ಟು ನಾದ್ರಿ ಟೀಚರ. ಅವ್ವಾರು ಹಸದಾರ."

ಅವಳು ನಾದಿದಳು, ಅವ್ವ ತಟ್ಟಿದಳು, ಹಂಚಿನ ಮೇಲೆ ಹಾಕುವ ಕೆಲಸ ಅವನದು. ಶೇಖರಮ್ಮ ಸಾಲಿನಲ್ಲಿ ಕೂತವರಿಗೆಲ್ಲ ತಾನೇ ಬಡಿಸಿದಳು. ಗುರುಬಸವ ಮಾತ್ರ ಕೂರಲಿಲ್ಲ.

"ನೀವು ಉಣ್ಣೂದಿಲ್ಲೇನ್ರಿ?"

"ನಾ ದಿನಾ ಅವ್ವಾರ ಜೋಡೀನ ಉಣ್ತೀನ್ರಿ. ಅವರಿಗೆ ಒಬ್ರ ಉಣ್ಣಾಕ ಬ್ಯಾಸರ ಆಗಬಾರ್ದಲ್ಲ."

ಶಿವಲೀಲಾ ಒಲೆಯ ಹತ್ತಿರ ಬಂದಳು. ಎಷ್ಟು ದಿನದಿಂದ ಇವನು ಹಸಿದು ಕಾಯುತ್ತಿದ್ದನೋ!

"ಒಂದು ಮಾತು," ಅಂದಳು ಮೆಲ್ಲಗೆ. "ನೀವಂದ್ರ ನನಗ ಭಾಳ ಇಷ್ಟ. ಆದ್ರ ಅವ್ವನ್ನ ಬಿಟ್ಟು ನಾ ಎಲ್ಲೂ ಬರೂದಿಲ್ಲ."

ಅವನು ಹಂಚಿನ ಮೇಲೆ ಹಾಕಿದ್ದ ರೊಟ್ಟಿ ಕರಕಾಯಿತು!

"ಬಿಟ್ಟು ಬರ್ರಿ ಅಂದಾವ್ರು ಯಾರು? ನಾನ ಬರ್ತೀನಿ ನಿಮ್ಮನಿಗೆ... ಕರದ್ರ."

ಕೊನೆಯವರು ಕೈ ತೊಳೆದರು. ಶೇಖರಮ್ಮ ನೆಲಕ್ಕೆ ಕುಳಿತು ಪಕ್ಕದ ಜಾಗ ತಟ್ಟಿದಳು.

"ಲೀಲಾ, ಈ ಹುಡುಗಗೂ ತಾಟು ಹಾಕು. ನಮ್ಮನಿಯಾವ."

ಶಿವಲೀಲಾ ಕಣ್ಣೊರೆಸಿಕೊಂಡು ತಾಟು ಇಟ್ಟಳು. "ಕೇಳಿದ್ರಲ್ಲ, ಖುದ್ದ ಅವ್ವಾನ ಕರದಾಳ. ಎಷ್ಟು ರೊಟ್ಟಿ ಹಾಕ್ಲಿ?"

"ಮೊದ್ಲ ಅವ್ವಾರು ಒಂದು ತುತ್ತು ತಗೊಳ್ಲಿ..."

ಶೇಖರಮ್ಮ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.